ಮಡಿಸಿದ ಮೂಲೆಗಳು

ಅಕ್ಕನಿಗೆ ಹೆದರಿಕೆಯ ಕಾದಂಬರಿ ಎಂದರೆ ಪ್ರಾಣ. ದೆವ್ವಭೂತದ್ದಲ್ಲ, ಅಂಥವನ್ನು ಓದಿದರೆ ಅವಳಿಗೆ ನಗುವೇ ಬರುತ್ತಿತ್ತು. ಮನುಷ್ಯರು ಮನುಷ್ಯರನ್ನೇ ಸದ್ದಿಲ್ಲದೆ ಹೆದರಿಸುವಂಥದ್ದು, ಒಂದೇ ಸೂರಿನಡಿ ಉಣ್ಣುವವರು ಒಬ್ಬರ ತಲೆಯನ್ನೊಬ್ಬರು ಕೆಡಿಸುವಂಥದ್ದು, ಕೊನೆಯ ಪುಟ ಬರುವವರೆಗೂ ಯಾರನ್ನು ನಂಬಬೇಕೆಂದು ಗೊತ್ತಾಗದಂಥದ್ದು ಅವಳಿಗೆ ಬೇಕು. ಮಗಳನ್ನು ಶಾಲೆಗೆ ಬಿಟ್ಟು, ಒಗೆದ ಬಟ್ಟೆ ಹರವಿ, ಗ್ರಂಥಾಲಯದ ಹಿಂಬದಿಯ ದುರಸ್ತಿ ಕೋಣೆಗೆ ಬಂದು ಕೂತರೆ ಅವಳ ಮೇಜಿನ ಮೇಲೆ ಅಂಥವೇ ರಾಶಿ ಬಿದ್ದಿರುತ್ತಿದ್ದವು. ಜನ ಓದಿ ಓದಿ ಹರಿಯುವುದೂ ಅವನ್ನೇ ತಾನೇ. ಬಿಚ್ಚಿದ ಹಾಳೆ ಹೊಲಿಯಬೇಕು, ಬೆನ್ನಿಗೆ ಗೋಂದು ಹಚ್ಚಬೇಕು, ಹೊಸ ರಟ್ಟು ಹಾಕಬೇಕು, ತಿರುಪಿನ ಹಲಗೆಯ ಕೆಳಗಿಟ್ಟು ಬಿಗಿಯಬೇಕು. ಗೋಂದು ಒಣಗುವ ಹೊತ್ತಿನಲ್ಲಿ ಅವಳು ಓದುತ್ತಿದ್ದಳು.

"ಏನಮ್ಮಾ ಇದು, ಹೊಲಿಯೋಕೆ ಕೊಟ್ಟ ಅಂಗೀನ ಟೈಲರೇ ಹಾಕ್ಕೊಂಡು ತಿರುಗಿದ ಹಾಗಾಯ್ತಲ್ಲ!" ಎಂದು ಗ್ರಂಥಪಾಲಕರು ಬಾಗಿಲಲ್ಲಿ ಇಣುಕಿ ಅನ್ನುತ್ತಿದ್ದರು.

"ಅಳತೆ ಸರಿಯಾಗಿದೆಯಾ ನೋಡ್ತಿದ್ದೀನಿ ಸಾರ್," ಎಂದು ಅವಳು ತಲೆಯೆತ್ತದೆ ಉತ್ತರ ಕೊಡುತ್ತಿದ್ದಳು.

ಈ ಸಲ ಬಂದದ್ದು ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಯಾರೋ ಬೋರಲು ಇಟ್ಟೂ ಇಟ್ಟೂ ಅದರ ಬೆನ್ನು ಮುರಿದು, ನಟ್ಟನಡುವೆ ಎರಡು ಹೋಳಾಗಿತ್ತು. ಹೊಸದಾಗಿ ಮದುವೆಯಾದ ಒಬ್ಬ ಸಂಗೀತದ ಟೀಚರ್ ಕಥೆ. ಅವಳ ಉಂಗುರ ಸಕ್ಕರೆ ಡಬ್ಬದಲ್ಲಿ ಸಿಗುತ್ತದೆ. ಆರಿಸಿದ ಸ್ಟವ್ ಉರಿಯುತ್ತಿರುತ್ತದೆ. ಪ್ರತಿ ಸಲವೂ ಗಂಡ ಅವಳ ತಲೆ ಸವರಿ, "ಪಾಪ, ಮರೆತಿದ್ದೀಯ" ಅನ್ನುತ್ತಾನೆ. ಅವಳೇ ಮರೆಯುತ್ತಿದ್ದಾಳೋ, ಅವನೇ ಮಾಡುತ್ತಿದ್ದಾನೋ, ಇಲ್ಲ ಅವಳೇ ಎಲ್ಲ ಮಾಡಿ ಅವನ ತಲೆಗೆ ಕಟ್ಟಲು ಹೊರಟಿದ್ದಾಳೋ? ಮೊದಲ ಹೋಳು ಮುಗಿದರೂ ಅಕ್ಕನಿಗೆ ಹೊಳೆದಿರಲಿಲ್ಲ. ಊಟದ ಡಬ್ಬದ ಅನ್ನ ತಣ್ಣಗಾಗಿ ಅಂಟಿಹೋಗಿತ್ತು.

ಅವಳಿಗೆ ತಕ್ಷಣ ನೆನಪಾದವಳು ತಂಗಿ. ಚಿಕ್ಕಂದಿನಲ್ಲಿ ಒಂದೇ ಪುಸ್ತಕಕ್ಕೆ ಇಬ್ಬರೂ ಜುಟ್ಟು ಹಿಡಿದು ಹೊಡೆದಾಡುತ್ತಿದ್ದರು. ಜಗಳ ಬಿಡಿಸಿ ಬಿಡಿಸಿ ಸಾಕಾದ ಅಮ್ಮ ಒಂದು ದಿನ ಪುಸ್ತಕವನ್ನೇ ಬಿಡಿಸಿ ಇಬ್ಬರ ಕೈಗೂ ಒಂದೊಂದು ಹೋಳು ಕೊಟ್ಟಿದ್ದಳು. ಅಂದಿನಿಂದ ಅದೇ ಪದ್ಧತಿ. ಮೊದಲ ಹೋಳು ಓದಿದವಳು ಅಪರಾಧಿ ಯಾರೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೇ ಎರಡನೆಯದು. ತಪ್ಪಾದರೆ ಅವತ್ತಿನ ಪಾತ್ರೆಯೆಲ್ಲ ಅವಳದೇ. ತಂಗಿಗೆ ಮನೆಯಲ್ಲಿ ಗುಬ್ಬಿ ಎಂದೇ ಹೆಸರು. ಗುಬ್ಬಿ ಪಾತ್ರೆ ತೊಳೆದದ್ದು ತೀರಾ ಕಡಿಮೆ. ಕಥೆಯಲ್ಲಿ ಯಾರು ಎಲ್ಲರಿಗಿಂತ ಒಳ್ಳೆಯವರೋ ಅವರತ್ತಲೇ ಅವಳು ಬೆರಳು ತೋರಿಸುತ್ತಿದ್ದಳು. "ಅಷ್ಟೊಂದು ಒಳ್ಳೆಯವರು ಯಾಕಿರಬೇಕು ಹೇಳು," ಎಂಬುದು ಅವಳ ವಾದ.

ಗುಬ್ಬಿಯ ಗಂಡನದು ಗ್ರಂಥಾಲಯದ ಹಿಂದಿನ ರಸ್ತೆಯಲ್ಲೇ ಕನ್ನಡಕದ ಅಂಗಡಿ. ಗಟ್ಟಿಯಾಗಿ ಮಾತಾಡಿದವರಲ್ಲ. ಮಾತಿನ ನಡುವೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಒರೆಸುವುದು ಅವರ ರೂಢಿ. ಮುದುಕರ ಕಾಲು ಮುಟ್ಟಿ ಕುರ್ಚಿಯಲ್ಲಿ ಕೂರಿಸಿ ಕಣ್ಣು ನೋಡುವವರು ಎಂದು ಸುತ್ತಲಿನವರೆಲ್ಲ ಹೊಗಳುತ್ತಿದ್ದರು. ಅಕ್ಕ ಮೊದಲ ಹೋಳಿಗೆ ಕಂದುಕಾಗದದ ಹೊದಿಕೆ ಹಾಕಿ ಅವರ ಕೈಗೇ ಕೊಟ್ಟಳು. ಗುಬ್ಬಿ ಹೆಸರು ಹೇಳಿ ಕಳಿಸುವವರೆಗೆ ಎರಡನೆಯದನ್ನು ತಾನೂ ಓದುವುದಿಲ್ಲವೆಂದು ಎತ್ತಿಟ್ಟಳು.

"ಗುಬ್ಬಿಗೆ ಕೊಟ್ಟುಬಿಡಿ. ಬೇಗ ಓದು ಅನ್ನಿ, ನಂಗೆ ತಡೆಯೋಕಾಗ್ತಿಲ್ಲ."

"ಮತ್ತೊಂದು ಭಯದ ಕಂತೆನಾ ಅಕ್ಕಾ? ಅವಳು ನಿದ್ದೆ ಕೆಡಿಸ್ಕೊಂಡ್ರೆ ಯಾರು ಹೊಣೆ?"

"ನೀವೇ, ಮತ್ಯಾರು!" ಎಂದು ಅವಳು ನಕ್ಕಳು. ಅವರೂ ನಕ್ಕರು.

ಅದಾಗಿ ಕೆಲವು ವಾರಗಳ ಮೇಲೆ, ಒಂದು ಭಾನುವಾರ ಬೆಳಗ್ಗೆ ಗುಬ್ಬಿ ಬಂದಳು. ಅಕ್ಕನ ಗಂಡ ಲಾರಿ ತೆಗೆದುಕೊಂಡು ದೂರದ ಊರಿಗೆ ಹೋಗಿದ್ದರಿಂದ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಅಕ್ಕ ಬಟಾಣಿ ಸುಲಿಯುತ್ತಿದ್ದಳು. ಮಗಳು ಚಿನ್ನಿ ಸುಲಿದ ಕಾಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ರೈಲು ಬಿಡುತ್ತಿದ್ದಳು. ಗುಬ್ಬಿ ಗೋಡೆಗೊರಗಿ ಕೂತು, ಒಂದು ಕಾಯಿ ಕೈಗೆತ್ತಿಕೊಂಡು ಸುಲಿಯದೆ ಹಾಗೇ ಇಟ್ಟಳು.

"ಅಕ್ಕಾ, ಮೊನ್ನೆ ಬೀಗದ ಕೈ ಎಲ್ಲಿ ಸಿಕ್ತು ಗೊತ್ತಾ? ಹಿಟ್ಟಿನ ಡಬ್ಬದಲ್ಲಿ. ಹಿಟ್ಟಿನೊಳಗೆ ಹೂತುಹೋಗಿತ್ತು. ನಾನೇ ಇಟ್ಟಿದ್ದೀನಂತೆ."

ಅಕ್ಕ ಕೈ ನಿಲ್ಲಿಸಿ ಅವಳನ್ನು ನೋಡಿದಳು. ನೋಡಿ, ಜೋರಾಗಿ ನಕ್ಕುಬಿಟ್ಟಳು.

"ಇದಾ ಸಮಾಚಾರ! ಓದಿದ್ದು ತಲೆಗೆ ಹತ್ತಿದೆ ಕಣೇ ನಿಂಗೆ. ಉಂಗುರ ಹೋಗಿ ಬೀಗದ ಕೈ ಆಯ್ತು ಅಷ್ಟೇ."

"ಯಾವ ಉಂಗುರ?"

"ಆಹಾ, ಯಾವ ಉಂಗುರವಂತೆ! ನನ್ನ ಹತ್ರಾನೇ ನಾಟಕ ಆಡ್ತೀಯಾ?"

ಅಷ್ಟರಲ್ಲಿ ಚಿನ್ನಿಯ ರೈಲು ಬಚ್ಚಲಿಗೆ ನುಗ್ಗಿತು. ಕಾಳು ತೂಬಿಗೆ ಸೇರುವ ಮೊದಲು ಹಿಡಿಯಲು ಅಕ್ಕ ಓಡಿದಳು. ಮಗಳಿಗೆ ಎರಡು ಮಾತು ಬೈದು, ಕಾಳು ತೊಳೆದು ತಂದಾಗ ಗುಬ್ಬಿ ತನ್ನ ಅಂಗೈಯನ್ನೇ ನೋಡುತ್ತಾ ಕೂತಿದ್ದಳು.

"ಸ್ಟವ್ ಕೂಡ ಅಕ್ಕಾ. ಆರಿಸಿದ್ದೀನಿ ಅಂತ ಆಣೆ ಮಾಡಿ ಹೇಳಬಲ್ಲೆ. ಹೊರಗಿಂದ ಬಂದು ನೋಡಿದ್ರೆ ಉರೀತಿತ್ತು. ಅವರು ಬೈಯಲೂ ಇಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

"ಸ್ಟವ್ವೂ ಬಂತಾ? ಇನ್ನು ಉಳಿದಿದ್ದೂ ಹೇಳ್ಬಿಡು, ನಾನು ಮುಂದೇನು ಅಂತ ಹೇಳ್ತೀನಿ," ಎಂದು ಅಕ್ಕ ಅವಳ ಕೆನ್ನೆ ಹಿಂಡಿದಳು. "ಮದುವೆಯಾದ ಮೇಲೂ ನಿಂಗೆ ಕಥೆ ಯಾವುದು, ಮನೆ ಯಾವುದು ಗೊತ್ತಾಗಲ್ವಲ್ಲೇ."

ಗುಬ್ಬಿ ನಗಲು ನೋಡಿದಳು. ಆಮೇಲೆ, "ಇರಬಹುದು," ಅಂದಳು. ಊಟಕ್ಕೂ ನಿಲ್ಲದೆ ಎದ್ದು ಹೋದಳು.

ಮುಂದಿನ ದಿನಗಳಲ್ಲಿ ಅವಳು ಶಿಶುವಿಹಾರದ ಕೆಲಸ ಬಿಟ್ಟದ್ದು ತಿಳಿಯಿತು. ಒಂದು ದಿನ ಎಂದಿನಂತೆ ಹೋದರೆ, "ನೀವೇ ಬರಲ್ಲ ಅಂತ ಮೆಸೇಜ್ ಕಳಿಸಿದ್ರಲ್ಲ ಮಿಸ್," ಎಂದು ಅಲ್ಲಿ ಬೇರೆಯವರನ್ನು ಕೂರಿಸಿದ್ದರಂತೆ. ಮೆಸೇಜು ಅವಳ ಫೋನಿನಿಂದಲೇ ಹೋಗಿತ್ತು. ಅವಳಿಗೆ ಕಳಿಸಿದ ನೆನಪಿಲ್ಲ. ಇದನ್ನು ಅಕ್ಕನಿಗೆ ಹೇಳಿದವರು ಗುಬ್ಬಿಯಲ್ಲ, ಅವಳ ಗಂಡ. ಅಕ್ಕ ಒಲೆಯ ಮುಂದೆ ನಿಂತು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೇಳಿದಳು.

"ನಂಗೆ ಚಿಂತೆಯಾಗಿದೆ ಅಕ್ಕಾ. ಚಿಕ್ಕವಳಿದ್ದಾಗಲೂ ಹೀಗೇ ಇದ್ಲಾ?"

"ಅಯ್ಯೋ, ಅವಳು ಮೊದಲಿಂದ್ಲೂ ಹಾಗೇ. ಓದಿದ್ದೆಲ್ಲಾ ತನಗೇ ಆಗ್ತಿದೆ ಅನ್ಕೋತಾಳೆ. ಒಂದ್ಸಲ ಪಕ್ಕದ ಮನೆಯವರು ಹೆಣ ಹೂತಿದ್ದಾರೆ ಅಂತ ಅವರ ಹಿತ್ತಲು ಅಗೆಯೋಕೆ ಹೋಗಿದ್ಲು!"

"ಹೌದಾ?" ಅಂದಿತು ಆ ಮೆತ್ತನೆಯ ದನಿ. "ಓದಿದ್ದೆಲ್ಲಾ ತನಗೇ ಆಗ್ತಿದೆ ಅನ್ಕೋತಾಳೆ. ಸರಿ ಅಕ್ಕಾ."

ತನ್ನ ಮಾತನ್ನೇ ಅವರು ಮತ್ತೊಮ್ಮೆ ಅಂದುಕೊಂಡದ್ದು ಅಕ್ಕನಿಗೆ ಯಾಕೋ ಕಿವಿಯಲ್ಲಿ ಉಳಿಯಿತು. ಆದರೆ ಹಾಲು ಉಕ್ಕುತ್ತಿತ್ತು.

ಅವರು ದುರಸ್ತಿ ಕೋಣೆಗೇ ಬಂದದ್ದು ಆಮೇಲಿನ ವಾರ, ಮಧ್ಯಾಹ್ನ. ಕಂದುಕಾಗದದ ಹೋಳನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತರು.

"ಓದಿ ಮುಗಿಸಿದ್ಲು ಅಕ್ಕಾ. ಎರಡನೇದಕ್ಕೆ ಒಂದೇ ಗಲಾಟೆ. ಇವತ್ತೇ ಬೇಕಂತೆ."

"ಹಾಗಾದ್ರೆ ಯಾರಂತೆ?"

"ಯಾರು?"

"ಅವಳೇನೂ ಹೇಳಿ ಕಳಿಸಲಿಲ್ವಾ?"

ಅವರು ಕನ್ನಡಕ ತೆಗೆದರು. ಒರೆಸಿದರು. "ಓ, ಅದಾ. ಹೆಂಡತಿದೇ ತಪ್ಪು ಅಂದ್ಲು. ಗಂಡ ಒಳ್ಳೆಯವನಂತೆ, ಪಾಪ, ಇವಳೇ ಸುಮ್ಮನೆ ಅನುಮಾನ ಪಡ್ತಾಳಂತೆ."

ಅಕ್ಕನ ಕೈಯಲ್ಲಿದ್ದ ಸೂಜಿ ಹಾಳೆಯ ನಡುವೆಯೇ ನಿಂತಿತು. ಗುಬ್ಬಿ ಹುಟ್ಟಿದಾಗಿನಿಂದ ಒಮ್ಮೆಯಾದರೂ ಒಳ್ಳೆಯವರನ್ನು ಒಳ್ಳೆಯವರೆಂದು ಬಿಟ್ಟವಳಲ್ಲ.

"ಎರಡನೇದರ ಗೋಂದು ಇನ್ನೂ ಒಣಗಿಲ್ಲ," ಅಂದಳು. ಅದು ಅವಳ ಮೊಣಕೈ ಕೆಳಗೇ ಇತ್ತು, ಬೇರೆ ಪುಸ್ತಕಗಳ ಮರೆಯಲ್ಲಿ. ಯಾಕೆ ಸುಳ್ಳು ಹೇಳಿದಳೆಂದು ಅವಳಿಗೇ ತಿಳಿಯಲಿಲ್ಲ. "ನಾಳೆ ಬನ್ನಿ."

"ಪರವಾಗಿಲ್ಲ. ಅಂದ ಹಾಗೆ, ನಾಳಿದ್ದು ಅವಳನ್ನ ನರಗಳ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೀನಿ. ಕೆಲವು ದಿನ ಅಲ್ಲೇ ಇರಿಸ್ಕೋತಾರೆ. ತವರಿನವರ ಒಂದು ಮಾತು ಬೇಕಂತೆ. ನೀವು ಅವತ್ತು ಫೋನಲ್ಲಿ ಹೇಳಿದ್ರಲ್ಲ, ಅಷ್ಟೇ ಹೇಳಿ ಸಾಕು." ಎದ್ದು, ಬಾಗಿಲ ಬಳಿ ತಿರುಗಿ ನಕ್ಕರು. "ನೀವು ನಮ್ಮ ಪುಣ್ಯ ಅಕ್ಕಾ."

ಅವರು ಹೋದ ಮೇಲೆ ಅವಳು ಹೋಳನ್ನು ಕೈಗೆತ್ತಿಕೊಂಡಳು. ಅಭ್ಯಾಸಬಲದಿಂದ ಹೆಬ್ಬೆರಳಿನಲ್ಲಿ ಅಂಚು ಸವರಿದಳು. ಅಂಚು ನುಣ್ಣಗಿರಲಿಲ್ಲ. ಅಲ್ಲಲ್ಲಿ ಪುಟದ ಮೂಲೆ ಮಡಿಸಿ, ಉಗುರಿನಿಂದ ಒತ್ತಿ ಗೆರೆ ಎಳೆದಿತ್ತು. ಗುಬ್ಬಿ ಮಡಿಸುವವಳಲ್ಲ. ಸಣ್ಣವಳಿದ್ದಾಗ ಒಮ್ಮೆ ಮಡಿಸಿದ್ದಕ್ಕೆ ಅಮ್ಮ ಅವಳ ಕಿವಿಯನ್ನು ಹಾಗೇ ಮಡಿಸಿ, "ನೋಯ್ತಾ? ಅದಕ್ಕೂ ನೋಯುತ್ತೆ," ಅಂದಿದ್ದಳು.

ಮೊದಲ ಮಡಿಕೆ ತೆರೆದಳು. ಸಕ್ಕರೆ ಡಬ್ಬ, ಉಂಗುರ. ಮುಂದಿನದು ತೆರೆದಳು. ಸ್ಟವ್. ಅದರ ಮುಂದಿನದು, ಸಂಗೀತದ ಟೀಚರ್ ಪಾಠಕ್ಕೆ ಹೋದರೆ ಆ ಮನೆಯವರು, ನೀವೇ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಿರಲ್ಲ ಎಂದು ಬಾಗಿಲಲ್ಲೇ ತಡೆಯುವ ಪುಟ. ಅಕ್ಕ ಇವನ್ನೆಲ್ಲ ಇದೇ ಕುರ್ಚಿಯಲ್ಲಿ ಕೂತು, ಬಾಯಿ ಚಪ್ಪರಿಸಿಕೊಂಡು ಓದಿದ್ದಳು. ಈಗ ಅದೇ ಸಾಲುಗಳು ಯಾರದೋ ಮನೆಯ ಕೆಲಸದ ಪಟ್ಟಿಯಂತೆ ಕಂಡವು. ಒಂದಾದ ಮೇಲೊಂದು, ಅದೇ ಕ್ರಮದಲ್ಲಿ, ಮಾಡಿ ಮುಗಿಸಿದ ಕೆಲಸ.

ಕೊನೆಯ ಮಡಿಕೆ ಎಲ್ಲಕ್ಕಿಂತ ದೊಡ್ಡದಾಗಿತ್ತು, ಅರ್ಧ ಪುಟವೇ ಮಡಚಿತ್ತು. ಟೀಚರಮ್ಮನ ಒಡಹುಟ್ಟಿದವಳು ಡಾಕ್ಟರ ಮುಂದೆ ಕೂತು ಹೇಳುತ್ತಾಳೆ: ನನ್ನ ತಂಗಿ ಚಿಕ್ಕಂದಿನಿಂದಲೂ ಇಲ್ಲದ್ದನ್ನು ಕಲ್ಪಿಸಿಕೊಳ್ಳುವವಳು. ಪ್ರೀತಿಯಿಂದಲೇ ಹೇಳುತ್ತಾಳೆ. ನಗುನಗುತ್ತಾ ಹೇಳುತ್ತಾಳೆ.

ಗೋಂದಿನ ಬಟ್ಟಲು, ದಾರದ ಉಂಡೆ, ಕಿಟಕಿಯ ಬಿಸಿಲು ಎಲ್ಲ ಇದ್ದಲ್ಲೇ ಇದ್ದವು; ಅಕ್ಕನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಈ ಪಾತ್ರ ತನ್ನದು. ಅದನ್ನು ಅವಳು ಆಗಲೇ ಆಡಿಯೂ ಆಗಿತ್ತು, ಒಲೆಯ ಮುಂದೆ ನಿಂತು, ಹಾಲು ಉಕ್ಕುವುದರೊಳಗೆ.

ಜೀವಮಾನದಲ್ಲಿ ಒಂದು ಸಲವೂ ಅವಳು ಕೊನೆಯ ಪುಟವನ್ನು ಮುಂಚೆ ನೋಡಿದವಳಲ್ಲ. ಈಗ ಎರಡನೆಯ ಹೋಳನ್ನು ಎಳೆದುಕೊಂಡು, ನಿಂತುಕೊಂಡೇ ಕೊನೆಯಿಂದ ತಿರುವಿದಳು. ಗಂಡ ಅಳುತ್ತಿದ್ದ. ನೆರೆಯವರು ಅವನ ಬೆನ್ನು ಸವರುತ್ತಿದ್ದರು. ನೀನು ಮಾಡಬೇಕಾದ್ದೆಲ್ಲ ಮಾಡಿದೆಯಪ್ಪಾ ಎನ್ನುತ್ತಿದ್ದರು. ಆ ಪುಟದಲ್ಲಿ ಹೆಂಡತಿಯ ಸುದ್ದಿಯೇ ಇರಲಿಲ್ಲ. ಹಿಂದಿನ ಪುಟ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ಸಾರ್, ನಾನು ಸ್ವಲ್ಪ ಬೇಗ ಹೊರಡ್ತೀನಿ," ಅಂದಳು ಗ್ರಂಥಪಾಲಕರಿಗೆ.

"ಏನಮ್ಮಾ, ಮುಖ ಸುಣ್ಣದ ಹಾಗಾಗಿದೆ? ಅಷ್ಟು ಚೆನ್ನಾಗಿದೆಯಾ ಕಥೆ?"

ಅವಳು ಆಗಲೇ ಮೊದಲ ಹೋಳನ್ನು ಚೀಲಕ್ಕೆ ತುರುಕುತ್ತಿದ್ದಳು.

ಬಿಡಲು ಬೇರೆ ಕಡೆ ಇಲ್ಲದ್ದರಿಂದ ಶಾಲೆಯಿಂದ ಚಿನ್ನಿಯನ್ನೂ ಕರೆದುಕೊಂಡೇ ಗುಬ್ಬಿಯ ಮನೆಗೆ ಹೋದಳು. ಎರಡನೆಯ ಮಹಡಿ. ಬಾಗಿಲು ಬಹಳ ತಡೆದು ತೆರೆಯಿತು. ಗುಬ್ಬಿ ನೀಟಾಗಿ ತಲೆ ಬಾಚಿಕೊಂಡಿದ್ದಳು, ಅಂಗಡಿಯ ಗೊಂಬೆಗೆ ಬಾಚಿದ ಹಾಗೆ. ಕಿಟಕಿಗಳ ಪರದೆ ಎಳೆದಿತ್ತು. ಅಡುಗೆಮನೆಯ ತುಂಬ ಚೀಟಿಗಳು ಅಂಟಿದ್ದವು, ಅವಳದೇ ದುಂಡು ಅಕ್ಷರದಲ್ಲಿ: ಇದು ಉಪ್ಪು. ಇದು ಸಕ್ಕರೆ. ಸ್ಟವ್ ಮುಟ್ಟಬೇಡ. ಬಾಗಿಲ ಮೇಲೆ: ಅವರನ್ನು ಕೇಳು.

"ಚಿಕ್ಕಮ್ಮಾ, ನಮ್ಮ ಕ್ಲಾಸಲ್ಲೂ ಹೀಗೇ ಅಂಟಿಸಿದ್ದಾರೆ!" ಎಂದು ಚಿನ್ನಿ ಖುಷಿಯಿಂದ ಕೂಗಿದಳು. "ಇದು ಕಿಟಕಿ, ಇದು ಮೇಜು."

"ಹೌದಾ ಕಂದ?" ಗುಬ್ಬಿ ಅವಳ ತಲೆ ಸವರಿದಳು. "ನಾನೂ ನಿಮ್ಮ ಕ್ಲಾಸೇ ಈಗ."

"ನಿನ್ನ ಫೋನ್ ಎಲ್ಲೇ? ದಾರಿಯುದ್ದಕ್ಕೂ ಮಾಡ್ತಾನೇ ಇದ್ದೀನಿ."

"ಅವರ ಹತ್ರ ಇದೆ. ತಲೆಗೆ ಸುಮ್ಮನೆ ಶ್ರಮ ಅಂತ."

ಅಕ್ಕ ಚೀಲದಿಂದ ಹೋಳನ್ನು ತೆಗೆದಳು. "ಇದನ್ನ ಓದಿದ್ಯಾ?"

"ಯಾವುದಿದು?"

"ನಿಂಗೆ ಅಂತ ಕಳಿಸಿದ್ದೆ. ಅವರ ಕೈಲಿ."

"ನೀನೇನೂ ಕಳಿಸಿಲ್ಲ." ತಕ್ಷಣ ಗುಬ್ಬಿಯ ಮುಖ ಮಂಕಾಯಿತು. "ಇಲ್ಲ, ಕಳಿಸಿರ್ತೀಯ. ನಂಗೆ ನೆನಪಿಲ್ಲ ಅಂದ್ರೆ ಕಳಿಸಿರ್ತೀಯ ಅಂತಲೇ ಅರ್ಥ. ಈಗ ಹಾಗೇ ಲೆಕ್ಕ ಹಾಕೋದು ನಾನು. ಸುಲಭ ಆಗುತ್ತೆ."

ಅಕ್ಕನಿಗೆ ಕಣ್ಣು ತುಂಬಿ ಬಂತು. ಅಳುವ ಹೊತ್ತಲ್ಲ ಎಂದು ತಡೆದುಕೊಂಡಳು. ತಂಗಿಯನ್ನು ನೆಲದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, ಮೊದಲ ಮಡಿಕೆ ತೆರೆದು ತೊಡೆಯ ಮೇಲಿಟ್ಟಳು. "ಓದು. ಮಡಿಸಿದ ಪುಟಗಳನ್ನ ಮಾತ್ರ."

ಗುಬ್ಬಿ ಓದಿದಳು. ಮೊದಲು ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಕಲಿಯುವವಳಂತೆ. ಮುಗಿಸಿ, ಮತ್ತೆ ಮೇಲಿನಿಂದ ಓದಿದಳು.

"ಇಲ್ಲಿ ಸಕ್ಕರೆ ಅಂತಿದೆ," ಅಂದಳು. "ನಮ್ಮನೇಲಿ ಹಿಟ್ಟು."

"ಹೂಂ."

"ಇಲ್ಲಿ ಉಂಗುರ." ಪುಟ ತಿರುಗಿಸಿದಳು. ಈಗ ಬೆರಳು ಸಾಲನ್ನು ಬಿಟ್ಟಿತು, ಕಣ್ಣೇ ಓಡತೊಡಗಿತು, ಹಿಂದೆ ಓಡುತ್ತಿದ್ದಂತೆ. ಸ್ಟವ್ವಿನ ಪುಟಕ್ಕೆ ಅವಳ ಉಸಿರು ಜೋರಾಯಿತು. ಪಾಠದ ಮನೆಯ ಪುಟಕ್ಕೆ ಕೈ ಬಾಯಿಯ ಮೇಲೆ ಹೋಯಿತು. ಚಿನ್ನಿ ಆಚೆ ಮೂಲೆಯಲ್ಲಿ ಚೀಟಿಯೊಂದನ್ನು ಕಿತ್ತು ತನ್ನ ಹಣೆಗೆ ಅಂಟಿಸಿಕೊಂಡು, "ನಾನು ಉಪ್ಪು, ನಾನು ಉಪ್ಪು," ಎಂದು ಕುಣಿಯುತ್ತಿದ್ದಳು.

ಕೊನೆಯ ಮಡಿಕೆಯನ್ನು ಓದಿ ಗುಬ್ಬಿ ತಲೆಯೆತ್ತಿದಳು.

"ಇದು ನೀನು."

"ಹೂಂ. ನಾನೇ."

"ಅವರ ಹತ್ರ ಹೇಳಿದ್ಯಾ?"

"ಹೇಳಿದೆ."

ಗುಬ್ಬಿ ಪುಸ್ತಕವನ್ನು ಮುಚ್ಚಲಿಲ್ಲ. "ನಾನು ನಿನ್ನ ಹತ್ರ ಬಂದೆ ಅಕ್ಕಾ. ಬೇರೆ ಯಾರ ಹತ್ರಾನೂ ಹೋಗ್ಲಿಲ್ಲ. ಎರಡು ಬಸ್ ಬದಲಾಯಿಸ್ಕೊಂಡು, ಅವರಿಗೆ ತರಕಾರಿಗೆ ಅಂತ ಸುಳ್ಳು ಹೇಳಿ ಬಂದೆ. ನೀನು ನಕ್ಕೆ."

ಅಕ್ಕ ಸಮಜಾಯಿಷಿ ಹೇಳಲಿಲ್ಲ. ಬಟಾಣಿಯ ಮಾತೆತ್ತಲಿಲ್ಲ, ಪುಸ್ತಕದ ಮಾತೆತ್ತಲಿಲ್ಲ. "ನಕ್ಕೆ," ಅಂದಳು.

"ಅವತ್ತು ಮನೆಗೆ ಬಂದು ನಾನೇ ಅಂದ್ಕೊಂಡೆ, ಅಕ್ಕನೇ ನಗ್ತಾಳೆ ಅಂದ್ಮೇಲೆ ನಂಗೆ ಹುಚ್ಚೇ ಹಿಡಿದಿದೆ ಅಂತ. ಆ ರಾತ್ರೀನೇ ಈ ಚೀಟಿ ಬರೆಯೋಕೆ ಶುರುಮಾಡಿದ್ದು." ಅವಳು ಮಡಿಸಿದ ಪುಟದ ಮೇಲೆ ಅಂಗೈ ಒತ್ತಿದಳು. "ನಿನ್ನ ಮೇಲೆ ನಂಗೆ ಎಷ್ಟು ಸಿಟ್ಟಿದೆ ಗೊತ್ತಾ?"

"ಇರಲಿ. ನನ್ನ ಮನೇಲಿ ಕೂತು ಸಿಟ್ಟು ಮಾಡ್ಕೋ. ಈಗ ಚಪ್ಪಲಿ ಹಾಕ್ಕೋ."

"ಬಟ್ಟೆ?"

"ನಂದೇ ಉಟ್ಕೊಳ್ಳುವಿಯಂತೆ. ಏಳು."

ಮೆಟ್ಟಿಲಿಳಿಯುವಾಗ ಕೆಳಗಿನಿಂದ ಮೇಲಕ್ಕೆ ಅವರು ಬರುತ್ತಿದ್ದರು. ಅಂಗಡಿ ಮುಚ್ಚುವ ಹೊತ್ತಾಗಿರಲಿಲ್ಲ. ಕಿರಿದಾದ ಮೆಟ್ಟಿಲು, ಒಬ್ಬರು ಸರಿಯದೆ ಇನ್ನೊಬ್ಬರು ದಾಟುವಂತಿರಲಿಲ್ಲ. ಅವರು ಸರಿಯಲಿಲ್ಲ.

"ಓಹೋ, ಅಕ್ಕ ಬಂದಿದ್ದಾರೆ! ಒಂದು ಮಾತು ಹೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ನಲ್ಲ." ಕಣ್ಣು ಗುಬ್ಬಿಯ ಕಾಲಿನ ಚಪ್ಪಲಿಗೆ ಹೋಯಿತು. "ಎಲ್ಲಿಗಮ್ಮಾ? ಹೊರಗೆ ಹೋಗಬೇಡ ಅಂತ ಡಾಕ್ಟರ್ ಹೇಳಿದ್ದು ಮರೆತ್ಯಾ?"

ಅಕ್ಕ ಬಾಯಿ ತೆರೆಯುವ ಮೊದಲೇ ಗುಬ್ಬಿ ಅಂದಳು, "ಮರೆತಿಲ್ಲ. ಡಾಕ್ಟರ್ ನನ್ನನ್ನ ಇನ್ನೂ ನೋಡೇ ಇಲ್ಲ."

ಅವರು ಕನ್ನಡಕ ತೆಗೆದರು. ಅದಿಲ್ಲದ ಅವರ ಮುಖವನ್ನು ಅಕ್ಕ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿರಲಿಲ್ಲ. ಅಂಗಡಿಗೆ ಬಂದವರ ಕಣ್ಣಿಗೆ ಒಂದು ಗಾಜು ಹಾಕಿ, ಅದು ಹೊಂದದಿದ್ದರೆ ಇನ್ನೊಂದನ್ನು ಆರಿಸುವಾಗ ಇರುವ ತಾಳ್ಮೆಯಿತ್ತು.

"ನೋಡಿದ್ರಾ ಅಕ್ಕಾ," ಅಂದರು, ಬಹಳ ಮೆತ್ತಗೆ. "ದಿನಾ ಹೀಗೇ."

"ಚಿಕ್ಕಪ್ಪಾ, ಜಾಗ ಬಿಡಿ, ನಂಗೆ ಒಂದಕ್ಕೆ ಬಂದಿದೆ!" ಎಂದು ಚಿನ್ನಿ ಅವರ ಮೊಣಕಾಲನ್ನು ತಳ್ಳಿದಳು. ಕೆಳಗಿನ ಮನೆಯ ಮುದುಕಿಯೊಬ್ಬಳು ಬಾಗಿಲು ತೆರೆದು ತಲೆ ಹಾಕಿದಳು. ಅವರು ಆಕೆಯತ್ತ ನೋಡಿ ನಗುತ್ತಾ ಗೋಡೆಗೆ ಸರಿದು ನಿಂತರು. ಮೂವರೂ ದಾಟಿ ಹೋದರು. ಬಸ್ಸಿನಲ್ಲಿ ಕೂತ ಮೇಲೆ ಅಕ್ಕನಿಗೆ ಗೊತ್ತಾಯಿತು, ಅಷ್ಟು ಹೊತ್ತೂ ತಂಗಿಯ ಮಣಿಕಟ್ಟನ್ನು ಕೆಂಪಾಗುವಂತೆ ಹಿಡಿದಿದ್ದೆನೆಂದು. ಬಿಡಲು ಹೋದರೆ ಗುಬ್ಬಿಯೇ ಬಿಡಲಿಲ್ಲ.

ಮಹಡಿಯ ಮೆಟ್ಟಿಲು ಹತ್ತಿ ಮನೆಗೆ ಬಂದು ಚಿಲಕ ಹಾಕಿ, ಒಲೆ ಹಚ್ಚಿ ನೀರಿಟ್ಟಳು. ಹೊರಗೆ ಇನ್ನೂ ಬೆಳಕಿತ್ತು. ಗುಬ್ಬಿ ಚಿನ್ನಿಯ ಜಡೆ ಬಿಚ್ಚಿ ಬಾಚುತ್ತಿದ್ದಳು. ಫೋನು ಹೊಡೆದುಕೊಂಡಿತು, ಗುರುತಿಲ್ಲದ ಹೆಂಗಸಿನ ದನಿ.

"ನಾನು ಡಾಕ್ಟರ್ ಮಾತಾಡ್ತಿರೋದು. ನಿಮ್ಮ ತಂಗಿಯ ಗಂಡ ಈಗ ಫೋನ್ ಮಾಡಿದ್ರು, ತುಂಬಾ ಗಾಬರಿಯಲ್ಲಿದ್ದಾರೆ. ಆಕೆಯ ಸ್ಥಿತಿ ಕೆಟ್ಟಿದೆ, ಇವತ್ತೇ ಸೇರಿಸ್ಕೊಳ್ಳಿ ಅಂತಿದ್ದಾರೆ. ಗಾಡಿ ಕಳಿಸೋ ಮುಂಚೆ ನಿಮ್ಮನ್ನ ಕೇಳ್ಬೇಕು ಅನ್ನಿಸ್ತು. ಓದಿದ್ದೆಲ್ಲಾ ತನಗೇ ಆಗ್ತಿದೆ ಅನ್ಕೋತಾಳೆ, ಚಿಕ್ಕಂದಿನಿಂದ್ಲೂ ಹಾಗೇ ಅಂತ ನೀವೇ ಹೇಳಿದ್ರಂತೆ. ನಿಜಾನಾ?"

ಗುಬ್ಬಿಯ ಕೈಯಲ್ಲಿ ಬಾಚಣಿಗೆ ನಿಂತಿತು. ಅಕ್ಕ ಇಲ್ಲ ಎಂದರೆ ಸುಳ್ಳಾಗುತ್ತದೆ. ಆ ಸುಳ್ಳು ಗುಬ್ಬಿಯ ಗಂಡನಿಗೆ ಮತ್ತೊಂದು ಅಸ್ತ್ರವಾಗುತ್ತದೆ. ಹೌದು ಎಂದರೆ ಗಾಡಿ ಬರುತ್ತದೆ.

"ಹೇಳಿದ್ದು ನಿಜ ಡಾಕ್ಟ್ರೇ," ಅಂದಳು. "ಹೇಳಿದ ಮಾತು ಸುಳ್ಳು. ನಂಗೆ ಆಗ ಏನೂ ಗೊತ್ತಿರ್ಲಿಲ್ಲ. ನಾನು ಕಳಿಸಿದ ಪುಸ್ತಕ ಅವಳು ಓದೇ ಇರ್ಲಿಲ್ಲ, ಓದಿದ್ದು ಅವಳ ಗಂಡ. ನನ್ನ ಮಾತು ನಂಬಬೇಡಿ ಬೇಕಾದ್ರೆ. ನಾನು ಒಂದ್ಸಲ ತಪ್ಪು ಹೇಳಿದವಳೇ. ಆದ್ರೆ ಅವಳನ್ನ ಯಾರೂ ಇಲ್ಲಿವರೆಗೆ ಕೇಳಿಲ್ಲ. ಇಲ್ಲೇ ಇದ್ದಾಳೆ. ನೀವೇ ಕೇಳಿ."

"ಕೊಡಿ," ಅಂದಿತು ದನಿ. "ಪೂರ್ತಿ ಕೇಳ್ತೀನಿ. ಅಲ್ಲಿವರೆಗೆ ಗಾಡಿ ಕಳಿಸಲ್ಲ."

ಗುಬ್ಬಿ ಫೋನು ತೆಗೆದುಕೊಂಡಳು. ಗೋಡೆಗೆ ಮುಖ ಮಾಡಿ, ಸಣ್ಣ ದನಿಯಲ್ಲಿ, ಒಂದೊಂದಾಗಿ ಹೇಳುತ್ತಾ ಹೋದಳು. ಎಲ್ಲೂ 'ಇರಬಹುದು' ಅನ್ನಲಿಲ್ಲ.

ನೀರು ಕುದಿಯುತ್ತಿತ್ತು. ಅಕ್ಕ ಒಲೆ ಆರಿಸಲು ತಿರುಗಿದಾಗ ಚಿನ್ನಿ ಅರ್ಧ ಬಾಚಿದ ಜಡೆಯಲ್ಲೇ ಕಿಟಕಿಯ ಕಟ್ಟೆ ಹತ್ತಿ ನಿಂತಿದ್ದಳು. ಯಾರಿಗೋ ಕೈ ಬೀಸುತ್ತಿದ್ದಳು.

"ಅಮ್ಮಾ, ಚಿಕ್ಕಪ್ಪ ಕೆಳಗೆ ನಿಂತಿದ್ದಾರೆ. ನಂಗೆ ಟಾಟಾ ಮಾಡ್ತಿದ್ದಾರೆ."

ರಸ್ತೆಯಾಚೆ, ದೀಪದ ಕಂಬದ ಪಕ್ಕ, ಅವರು ತಲೆಯೆತ್ತಿ ನೋಡುತ್ತಾ ನಿಂತಿದ್ದರು. ಒಂದು ಕೈಯಲ್ಲಿ ಫೋನಿತ್ತು. ಇನ್ನೊಂದು ಕೈ ನಿಧಾನವಾಗಿ, ಬಹಳ ಪ್ರೀತಿಯಿಂದ, ಆಡುತ್ತಿತ್ತು.

ಅಕ್ಕ ಮಗಳ ಕೈಯನ್ನು ಹಿಡಿದು ಕೆಳಗಿಳಿಸಿದಳು. ಪರದೆ ಎಳೆಯಲಿಲ್ಲ. ಅವರಿಗೆ ಕಾಣುವಂತೆ ಕಿಟಕಿಯ ತುಂಬ ತಾನೇ ನಿಂತುಕೊಂಡಳು.